ನೀರು ತುಂಬಿಸಿ ಪಾಸು ಮಾಡಿದ ದೋಣಿ

ನನ್ನ ಷಡ್ಡಕ ತಿಪ್ಪೇರುದ್ರನಿಗೆ ಮಂಗಳೂರಿನಲ್ಲಿ ಹಡಗು ಪರೀಕ್ಷಿಸುವ ಕೆಲಸ ಸಿಕ್ಕಿತೆಂದು ಫೋನು ಬಂದಾಗ ನಾನು ಚಳ್ಳಕೆರೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಆಧಾರ್ ಕಾರ್ಡನ್ನು ಕೊಂಚ ದೊಡ್ಡದು ಮಾಡುತ್ತಿದ್ದೆ. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದೆನೋ, ಆ ಮನುಷ್ಯನ ಒಂದು ಕಿವಿ ಮಾತ್ರ ಇಡೀ ಹಾಳೆ ತುಂಬ ಬಂತು. ಅವನು ಕಾಸು ಕೊಡದೆ ಹೋದ. ಷಡ್ಡಕನ ಏಳಿಗೆಯಿಂದ ನನಗಾದ ಮೊದಲ ನಷ್ಟ ಅದು.

ಹೊಟ್ಟೆಕಿಚ್ಚು ಎಂದು ತಿಳಿಯಬೇಡಿ, ಬರೀ ಆಶ್ಚರ್ಯ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಹುಟ್ಟಿದವನಿಗೂ ಹಡಗಿಗೂ ಏನು ಸಂಬಂಧ? ನಮ್ಮ ಕಡೆ ಕಪ್ಪು ಮೋಡ ಕಂಡರೆ ಜನ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾರೆ. ತಿಪ್ಪೇರುದ್ರನಂತೂ ಬಾವಿಯ ಕಟ್ಟೆಯ ಮೇಲಿಂದ ಕೆಳಗೆ ನೋಡಿದರೆ ತಲೆ ತಿರುಗಿ ಕೂತುಬಿಡುವ ಪ್ರಾಣಿ. ಈ ಕೆಲಸಕ್ಕೆ ಮೊದಲು ಅವನು ಮೊಬೈಲ್ ರಿಪೇರಿ ಅಂಗಡಿ ಇಟ್ಟು ಮುಚ್ಚಿದ್ದ. ಹನಿ ನೀರಾವರಿ ಪೈಪಿನ ಏಜೆನ್ಸಿ ತೆಗೆದು ಮುಚ್ಚಿದ್ದ. ಆಮೇಲೆ ಶೇಂಗಾ ಸುಲಿಯುವ ಮಿಷನ್ನು ತಂದ. ಅದು ಸಿಪ್ಪೆಯ ಜೊತೆಗೆ ಬೀಜವನ್ನೂ ಹಿಟ್ಟು ಮಾಡಿ ಕೊಡುತ್ತಿದ್ದುದರಿಂದ ಅದನ್ನೂ ಮುಚ್ಚಿದ. ಒಟ್ಟಿನಲ್ಲಿ ಮುಚ್ಚುವುದರಲ್ಲಿ ಅವನಿಗೆ ಒಳ್ಳೆಯ ಅನುಭವ ಇತ್ತು.

ನಮ್ಮಿಬ್ಬರ ಮಾವ ದೊಡ್ಡಪಾಲಯ್ಯ ಕುರಿ ವ್ಯಾಪಾರದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ, ಸೊಂಟದ ಮೇಲೆ ಬೆರಳೊತ್ತಿ, ಒಂದು ಸಲ ಎತ್ತಿ ಇಳಿಸಿದರೆ ಸಾಕು. ಅದರ ತೂಕ, ವಯಸ್ಸು, ನಡತೆ ಎಲ್ಲ ಹೇಳುತ್ತಾರೆ. ತೊಂದರೆ ಏನೆಂದರೆ, ಲೋಕದ ಮಿಕ್ಕ ವಸ್ತುಗಳನ್ನೂ ಅವರು ಹೀಗೇ ನೋಡುತ್ತಾರೆ. ನಾನು ಹೆಣ್ಣು ನೋಡಲು ಹೋದ ದಿನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರಲ್ಲ ಎಂದು ಹಿಗ್ಗಿದ್ದೆ. ಮದುವೆಯಾದ ಮೇಲೆ ನನ್ನ ಹೆಂಡತಿ ಶೃತಿ ಹೇಳಿದಳು, ಅದು ಪ್ರೀತಿಯಲ್ಲ, ಮೂಳೆ ನೋಡಿದ್ದು ಎಂದು. ಇರಲಿ, ನಾನು ಪಾಸಾದೆ. ಕಿರಿಮಗಳು ಕಾವ್ಯ ಮಾತ್ರ ತಿಪ್ಪೇರುದ್ರನನ್ನು ತಾನೇ ಒಪ್ಪಿ, ಹಟ ಹಿಡಿದು ಮದುವೆಯಾದಳು. ಮಾವನಿಗೆ ಅವನನ್ನು ಒತ್ತಿ ನೋಡುವ ಅವಕಾಶವೇ ಸಿಗಲಿಲ್ಲ. ಆ ಸಿಟ್ಟು ಒಳಗೇ ಇತ್ತು. ಶೇಂಗಾ ಮಿಷನ್ನಿಗೆ ಬೀಗ ಬಿದ್ದ ದಿನವೇ ಹೋಗಿ ಮಗಳನ್ನು ಊರಿಗೆ ಕರೆತಂದುಬಿಟ್ಟರು.

"ನೋಡಪ್ಪಾ ತಿಪ್ಪೇರುದ್ರ, ಇನ್ನೊಂದು ಕೆಲಸ ಹಿಡಿ. ಅದೇನು ಕೆಲಸ, ನೀನು ಅದನ್ನ ಹೆಂಗೆ ಮಾಡ್ತೀಯ, ನಾನು ಕಣ್ಣಾರೆ ನೋಡ್ಬೇಕು. ಸೈ ಅನ್ನಿಸಿದ್ರೆ ಮಗಳ್ನ ಕಳಿಸ್ತೀನಿ. ಅಲ್ಲೀತನಕ ಅವಳು ನಮ್ಮನೇಲೇ ಇರ್ತಾಳೆ" ಎಂದರು.

"ಅಪ್ಪಾ, ನಾನೇನು ಅಡ ಇಟ್ಟ ಬಿಂದಿಗೇನಾ?" ಎಂದಳು ಕಾವ್ಯ.

"ಬಿಂದಿಗೆ ಆಗಿದ್ರೆ ಹೋಗ್ಲಿ ಅಂತ ಬಿಡ್ತಿದ್ದೆ ಕಣವ್ವ" ಎಂದರು ಮಾವ.

ಹೀಗಿರುವಾಗ ಹಡಗಿನ ಕೆಲಸ ಸಿಕ್ಕಿತು. ಕೆಲವು ತಿಂಗಳು ಕಳೆದ ಮೇಲೆ ತಿಪ್ಪೇರುದ್ರ ರಜೆ ಹಾಕಿ ಹೆಂಡತಿಯನ್ನು ಕರೆದೊಯ್ಯಲು ಬಂದ. ಮಾವನ ಊರು ಕೊಂಡ್ಲಹಳ್ಳಿಯಿಂದ ಆಚೆಗೆ ಎಂದರೆ ಸಾಕು. ಹೆಸರು ಹೇಳಿದರೆ ಆ ಊರಿನ ಪಂಚಾಯ್ತಿಯವರು ನನ್ನ ಅಂಗಡಿಗೆ ಬರುವುದನ್ನು ನಿಲ್ಲಿಸುತ್ತಾರೆ. ನಾನೂ ಶೃತಿಯೂ ಅಲ್ಲಿಗೇ ಹೋಗಿದ್ದೆವು. ತಿಪ್ಪೇರುದ್ರ ಬಸ್ಸಿನಿಂದ ಬಿಳಿ ಹೆಲ್ಮೆಟ್ ಹಾಕಿಕೊಂಡೇ ಇಳಿದ. ಕೇಳಿದರೆ ಬ್ಯಾಗಿನಲ್ಲಿ ಜಾಗ ಇರಲಿಲ್ಲ ಎಂದ. ಮೈಮೇಲೆ ಕೇಸರಿ ಬಣ್ಣದ, ಹೊಳೆಯುವ ಪಟ್ಟೆಯ ಜಾಕೆಟ್ಟು. ಸೊಂಟದಲ್ಲಿ ಒಂದು ಕಡೆ ಪುಟ್ಟ ಸುತ್ತಿಗೆ, ಇನ್ನೊಂದು ಕಡೆ ಉದ್ದದ ಟಾರ್ಚು. ಅವನು ಓಣಿಗೆ ಕಾಲಿಟ್ಟಿದ್ದೇ ತಡ, ಕರೆಂಟಿನವರು ಬಂದರೆಂದು ನಾಲ್ಕಾರು ಮನೆಯವರು ಕಂಬಕ್ಕೆ ಸಿಕ್ಕಿಸಿದ್ದ ವೈರು ಎಳೆದುಕೊಂಡು ಬಾಗಿಲು ಹಾಕಿದರು. ಟಿವಿ ನೋಡುತ್ತಿದ್ದ ಮುದುಕಿಯರು ಶಾಪ ಹಾಕಿದರು. ಬಂದವನು ದೊಡ್ಡಪಾಲಯ್ಯನ ಅಳಿಯ ಎಂದು ತಿಳಿದ ಮೇಲೆ ಅವೇ ಬಾಗಿಲುಗಳು ತೆರೆದವು, ವೈರುಗಳು ಮತ್ತೆ ಕಂಬ ಹತ್ತಿದವು.

ಸಂಜೆಯೊಳಗೆ ಮಾವನ ಮನೆಯ ಕಟ್ಟೆ ತುಂಬ ಜನ. ಅತ್ತೆ ರಂಗಕ್ಕ ಅಳಿಯನಿಗೆ ಕಾಫಿ ಕೊಡುತ್ತ ಮೊದಲ ಪ್ರಶ್ನೆ ಹಾಕಿದರು. "ಅಷ್ಟು ದೊಡ್ಡ ಕಬ್ಬಿಣ ನೀರಾಗೆ ಮುಳುಗಲ್ವೇನಪ್ಪ?"

"ಮುಳುಗುತ್ತೋ ಇಲ್ವೋ ಅಂತ ನೋಡೋದೇ ನಮ್ಮ ಕೆಲಸ ಅತ್ತೆ" ಎಂದ ತಿಪ್ಪೇರುದ್ರ. "ನಾವು ಸೈ ಅಂದ್ಮೇಲೇ ಹಡಗು ಬಂದರು ಬಿಡೋದು."

"ನೀನು ಸೈ ಅಂದಿದ್ದು ಯಾವುದಾದ್ರೂ ಮುಳುಗೈತಾ?"

"ಇಲ್ಲೀತನಕ ಇಲ್ಲ."

ಇದು ಅಪ್ಪಟ ಸತ್ಯ. ಅವನು ಇಲ್ಲಿಯವರೆಗೆ ಯಾವ ಹಡಗಿಗೂ ಸೈ ಅಂದಿರಲಿಲ್ಲ. ಆ ರಾತ್ರಿ ಊಟದ ಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ನನ್ನ ಕಿವಿಯಲ್ಲಿ ಹೇಳಿಕೊಂಡ. "ಅಣ್ಣ, ನಾನು ಟ್ರೈನಿ. ಸಾಹೇಬ್ರು ಹಡಗಿನ ಹೊಟ್ಟೇಲಿ ಸುತ್ತಿಗೆ ತಗೊಂಡು ಬಡೀತಾರೆ, ಸೌಂಡ್ ಕೇಳ್ತಾರೆ. ನಾನು ಪಕ್ಕದಾಗೆ ನಿಂತು ಟಾರ್ಚ್ ಬಿಡ್ತೀನಿ. ಅಷ್ಟೇ. ಅದೂ ಹಡಗು ಒಂಚೂರು ಅಲ್ಲಾಡಿದ್ರೆ ನನಗೆ ವಾಂತಿ."

"ಮಾವನಿಗೆ ಹಂಗೇ ಹೇಳ್ಬಿಡಪ್ಪ" ಎಂದೆ.

"ಟಾರ್ಚ್ ಹಿಡಿಯೋನು ಅಂದ್ರೆ ಕಾವ್ಯನ್ನ ಕಳಿಸ್ತಾರಾ ಅಣ್ಣ? ಅವಳ್ನ ಕರ್ಕೊಂಡು ಬಸ್ ಹತ್ತಿದ ಮೇಲೆ ಫೋನ್ ಮಾಡಿ ಹೇಳ್ತೀನಿ" ಎಂದ. ಹೆಂಡತಿಯನ್ನು ಬಿಟ್ಟು ಅಷ್ಟು ದೂರ, ಒಂದು ಕೋಣೆಯಲ್ಲಿ ಸೀಗಡಿ ವಾಸನೆಯ ನಡುವೆ ಒಬ್ಬನೇ ಅನ್ನ ಬೇಯಿಸಿಕೊಂಡಿದ್ದವನು. ನನಗೂ ಪಾಪ ಅನ್ನಿಸಿತು. ಬಾಯಿ ಮುಚ್ಚಿಕೊಂಡೆ.

ಬೆಳಿಗ್ಗೆ ಹೊರಟುಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಪಂಚಾಯ್ತಿ ಅಧ್ಯಕ್ಷ ಶಿವಮೂರ್ತಪ್ಪ ಬಂದು ಕಟ್ಟೆಯ ಮೇಲೆ ಕೂತರು.

ಆ ಊರಿನ ಕೆರೆಯ ವಿಷಯ ಸ್ವಲ್ಪ ಹೇಳಬೇಕು. ಅದು ಕೆರೆ ಎಂದು ಕಂದಾಯದ ನಕ್ಷೆಗೆ ಮಾತ್ರ ಗೊತ್ತಿತ್ತು. ನನ್ನ ಮದುವೆಯ ಶಾಮಿಯಾನ ಹಾಕಿದ್ದು ಅದರ ಅಂಗಳದಲ್ಲೇ. ಉಳಿದಂತೆ ಊರಿನವರು ಅಲ್ಲಿ ಶೇಂಗಾ ಬಿತ್ತುತ್ತಿದ್ದರು. ಮಾವನದೂ ಒಂದು ತುಂಡು ಹೊಲ ಅಲ್ಲಿತ್ತು. ಈ ವರ್ಷ ಯಾರ ಪುಣ್ಯವೋ, ಮಳೆ ಹಟ ಹಿಡಿದು ಸುರಿದು ಕೆರೆಗೆ ನೀರು ಬಂತು. ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ಶಿವಮೂರ್ತಪ್ಪನವರ ತಲೆಯಲ್ಲಿ ದೋಣಿ ವಿಹಾರ ಮೊಳೆಯಿತು. ಯಾವುದೋ ರೆಸಾರ್ಟಿನವರು ಮೂಲೆಗೆ ಹಾಕಿದ್ದ ಫೈಬರ್ ದೋಣಿಯೊಂದನ್ನು ಲಾರಿಯಲ್ಲಿ ತರಿಸಿ, ಪಂಚಾಯ್ತಿ ಕಚೇರಿ ಮುಂದೆ ಇಳಿಸಿ, ಹಳದಿ ಕೆಂಪು ಬಳಿಸಿದ್ದರು.

"ಉದ್ಘಾಟನೆ ಗೊತ್ತು ಮಾಡೀವಿ. ಆದ್ರೆ ಮೇಲಿನೋರು, ದೋಣಿ ಗಟ್ಟಿ ಐತೆ ಅಂತ ತಿಳಿದೋರು ಯಾರಾದ್ರೂ ಬರ್ಕೊಡ್ಲಿ ಅಂತಾರೆ. ಈ ಸೀಮೇಲಿ ದೋಣಿ ತಿಳಿದೋರನ್ನ ಎಲ್ಲಿಂದ ತರ್ಲಿ ಅಂತ ತಲೆ ಕೆಡಿಸ್ಕೊಂಡಿದ್ದೆ. ನಿಮ್ಮ ಅಳಿಯ ಬಂದಾರಂತೆ!" ಎಂದರು ಅಧ್ಯಕ್ಷರು.

"ನಮ್ದು ದೊಡ್ಡ ಹಡಗುಗಳು ಸಾರ್, ಸಣ್ಣದಕ್ಕೆ ಬೇರೆಯೋರು ಇರ್ತಾರೆ" ಎಂದ ತಿಪ್ಪೇರುದ್ರ, ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ.

"ಆನೆ ನೋಡೋನು ಕುರಿ ನೋಡಲ್ವಾ?" ಎಂದರು ಮಾವ. ಅವರ ಕಣ್ಣು ಹೊಳೆಯುತ್ತಿತ್ತು. ಅಳಿಯನ ಕೆಲಸವನ್ನು ಕಣ್ಣಾರೆ ನೋಡುವ ಯೋಗ ಮನೆ ಬಾಗಿಲಿಗೇ ಬಂದಿತ್ತು. "ಹಾಕ್ಕೊ ನಿನ್ ಟೋಪಿ, ನಡಿ."

ಪಂಚಾಯ್ತಿ ಮುಂದೆ ಊರಿಗೆ ಊರೇ ನೆರೆದಿತ್ತು. ತಿಪ್ಪೇರುದ್ರ ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಕೆಲವರು ಅಭ್ಯಾಸಬಲದಿಂದ ಕೈ ಮುಗಿದರು. ಆಮೇಲೆ ಅವನು ಸೊಂಟದಿಂದ ಸುತ್ತಿಗೆ ತೆಗೆದ. ತೆಗೆದವನು ನನ್ನ ಕೈಗೆ ಕೊಟ್ಟ. ಕೊಟ್ಟು, ತಾನು ಉರಿಬಿಸಿಲಲ್ಲಿ ಟಾರ್ಚು ಹತ್ತಿಸಿ ದೋಣಿಯ ಮೇಲೆ ಬೆಳಕು ಬಿಟ್ಟು ಗಂಭೀರವಾಗಿ ನಿಂತ. ಪಾಪ, ಕೈಗೆ ರೂಢಿಯಾದ ಕೆಲಸವನ್ನು ಕೈ ಮಾಡಿತು. ಎಲ್ಲರೂ ನನ್ನ ಮುಖ ನೋಡಿದರು. ಬೇರೆ ದಾರಿ ಕಾಣದೆ ನಾನು ಎರಡು ಏಟು ಬಡಿದೆ.

"ಓಬಳೇಶಪ್ಪಾ, ನೀವು ಇವರ ಕೈಕೆಳಗೆ ಸೇರಿದ್ದು ಯಾವಾಗ?" ಎಂದು ಕೇಳಿದರು ಅಧ್ಯಕ್ಷರು. ಸ್ವಂತ ಅಂಗಡಿಯ ಮಾಲೀಕನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? ಶೃತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮಾವನಿಗೆ ತಾಳ್ಮೆ ತಪ್ಪಿತು. ಮುಂದೆ ಬಂದು ದೋಣಿಯ ಬೆನ್ನುದ್ದಕ್ಕೂ ಬೆರಳೊತ್ತಿ ನೋಡಿದರು. ಒಂದು ಕಡೆ ಹಿಡಿದು ಎತ್ತಲು ನೋಡಿದರು, ಅದು ಏಳಲಿಲ್ಲ. "ಮೈ ಕಟ್ಟು ಚೆನ್ನಾಗೈತೆ. ನೀನೇನಂತೀಯ?" ಎಂದರು.

ತಿಪ್ಪೇರುದ್ರ ಟಾರ್ಚು ಆರಿಸಿದ. "ಟೆಸ್ಟ್ ಮಾಡದೆ ಹೇಳಂಗಿಲ್ಲ ಮಾವ."

"ಮಾಡು ಮತ್ತೆ."

ತಿಪ್ಪೇರುದ್ರ ಆಕಾಶ ನೋಡಿದ. ನಾನು ನೆಲ ನೋಡಿದೆ. ಕೊನೆಗೆ ಅವನು ಮಂಗಳೂರಿನ ಸಾಹೇಬರಿಗೆ ಫೋನು ಹಚ್ಚಿದ. ಅವರು ಯಾವುದೋ ಹಡಗಿನ ತಳದಲ್ಲಿದ್ದರು, ಸಿಗ್ನಲ್ ಇರಲಿಲ್ಲ. ಇಡೀ ಊರು ಉಸಿರು ಬಿಗಿಹಿಡಿದು ಕಾಯುತ್ತಿರುವಾಗ ರಂಗಕ್ಕ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದರು.

"ಇದಕ್ಯಾಕೆ ಇಷ್ಟು ಯೋಚನೆ? ಸಂತೇಲಿ ಕೊಡ ತಗೊಂಡ್ರೆ ಏನ್ ಮಾಡ್ತೀವಿ? ನೀರು ತುಂಬಿಸಿ ಇಟ್ಟು ನೋಡಲ್ವಾ? ತುಂಬ್ಸಿ ಇಡ್ರಿ. ಬೆಳಗ್ಗೆ ಹೊತ್ಗೆ ತಾನೇ ಹೇಳ್ತೈತೆ."

ಓದುಗರು ನಗಬಾರದು. ಕೊಡವಾಗಲಿ, ಡ್ರಮ್ಮಾಗಲಿ, ಸಿಮೆಂಟಿನ ತೊಟ್ಟಿಯಾಗಲಿ, ನಮ್ಮ ಸೀಮೆಯಲ್ಲಿ ಯಾವ ಪಾತ್ರೆಗೂ ಇರುವುದು ಒಂದೇ ಪರೀಕ್ಷೆ: ಹಾಕಿದ ನೀರು ನಿಲ್ಲುತ್ತದೋ ಇಲ್ಲವೋ. ನೀರು ಹೊರಗಿದ್ದು ಪಾತ್ರೆಯೊಳಗೆ ಬರಬಾರದು ಎಂಬ ಸಮಸ್ಯೆ ನಮ್ಮ ತಾತ ಮುತ್ತಾತಂದಿರ ಕಾಲದಿಂದ ಯಾರಿಗೂ ಎದುರಾಗಿರಲಿಲ್ಲ. ಹಾಗಾಗಿ ಅತ್ತೆಯ ಮಾತು ಎಲ್ಲರಿಗೂ ಒಪ್ಪಿಗೆಯಾಯಿತು. ಎಲ್ಲರಿಗಿಂತ ಹೆಚ್ಚು ಒಪ್ಪಿಗೆಯಾದದ್ದು ತಿಪ್ಪೇರುದ್ರನಿಗೆ. "ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ" ಎಂದ.

ಟ್ರ್ಯಾಕ್ಟರ್ ಟ್ಯಾಂಕರಿನ ಡ್ರೈವರ್ ಎರ್ರಿಸ್ವಾಮಿಗೆ ಹೇಳಿಕಳಿಸಿದರು. ಅವನು ಗಡಿಯಾಚೆಯ ತೆಲುಗು ಹಳ್ಳಿಗಳಿಗೂ ನೀರು ಹೊಡೆಯುವವನು. ಅರ್ಧ ತೆಲುಗು, ಅರ್ಧ ಕನ್ನಡ. ಪೈಪನ್ನು ದೋಣಿಗೆ ಬಿಟ್ಟು, "ಅಧ್ಯಕ್ಷರೇ, ಇದೇಮಿ ವಿಚಿತ್ರಮು! ದೋಣೀನ ನೀರಾಗೆ ಬಿಡ್ತಾರೆ ಅಂದ್ಕೊಂಡಿದ್ದೆ. ನೀವು ದೋಣ್ಯಾಗೆ ನೀರು ಬಿಡ್ತೀರಲ್ಲ!" ಎಂದ.

"ಟೆಕ್ನಿಕಲ್ ವಿಷಯ ನಿನಗೆ ಗೊತ್ತಾಗಲ್ಲ ಸುಮ್ನಿರಲೇ" ಎಂದರು ಅಧ್ಯಕ್ಷರು.

ಸತ್ಯ ಹೇಳಿದವನು ಅವನೊಬ್ಬನೇ. ಅವನ ಬಾಯಿ ಮುಚ್ಚಿಸಿ ದೋಣಿಯನ್ನು ಅಂಚಿನವರೆಗೆ ತುಂಬಿದರು. ಸೋರಿದರೆ ತಿಳಿಯಲೆಂದು ಸುತ್ತಲೂ ಒಲೆಯ ಬೂದಿ ಹರಡಿದರು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಬೂದಿ ಹಾಕಿದ ಹಾಗೆಯೇ ಒಣಗಿತ್ತು. ದೋಣಿಯ ನೀರು ಅಂಚಿನಲ್ಲೇ ನಿಂತಿತ್ತು. ಒಂದು ಕಾಗೆ ಕೂತು ನೀರು ಕುಡಿಯುತ್ತಿತ್ತು. ಜನ ಶಿಳ್ಳೆ ಹಾಕಿದರು.

"ಒಳಗಿನ ನೀರೇ ಹೊರಗೆ ಬರ್ಲಿಲ್ಲ ಅಂದ್ಮೇಲೆ ಹೊರಗಿನ ನೀರು ಒಳಗೆ ಎಲ್ಲಿಂದ ಬರ್ತೈತೆ?" ಎಂದರು ಮಾವ. ಈ ಮಾತನ್ನು ನಾನು ಇವತ್ತಿನವರೆಗೂ ತಿರುವಿ ಮುರುವಿ ನೋಡಿದ್ದೇನೆ. ತಪ್ಪು ಸಿಕ್ಕಿಲ್ಲ.

ಸರ್ಟಿಫಿಕೇಟನ್ನು ನಾನೇ ಚಳ್ಳಕೆರೆಗೆ ಹೋಗಿ ಟೈಪು ಮಾಡಿ ತಂದೆ. 'ಸದರಿ ದೋಣಿಯು ತನ್ನಲ್ಲಿ ತುಂಬಿಸಲಾದ ನೀರನ್ನು ಹನಿಯೂ ಸೋರದಂತೆ ಕಾಪಾಡಿಕೊಂಡಿದ್ದು, ಸದರಿ ಕಾರಣದಿಂದ ಸದರಿ ದೋಣಿಯು ಸದರಿ ಕೆರೆಗೆ ಯೋಗ್ಯವಾಗಿರುತ್ತದೆ' ಎಂದು ಬರೆದೆ. ಇಷ್ಟೊಂದು 'ಸದರಿ' ಇರುವ ಕಾಗದವನ್ನು ಯಾವ ಅಧಿಕಾರಿಯೂ ವಾಪಸ್ಸು ಕಳಿಸಿದ್ದು ನನ್ನ ಅನುಭವದಲ್ಲಿಲ್ಲ. ತಿಪ್ಪೇರುದ್ರ ಸಹಿ ಹಾಕಿದ.

ಮಾವ ಸಹಿಯನ್ನು ಹತ್ತಿರದಿಂದ ನೋಡಿದರು. "ಕೆಲಸ ನೋಡಿದೆ. ಸೈ. ನಾಳೆ ದೋಣಿಗೆ ನಾನೇ ಮೊದ್ಲು ಹತ್ತೋದು. ಒಂದು ಸುತ್ತು ಹೊಡೆದು ನಾನು ದಡಕ್ಕಿಳಿದ ಮೇಲೆ ಕಾವ್ಯ ನಿನ್ ಸಂಗಡ ಬರ್ತಾಳೆ."

ಕಾವ್ಯ ಆ ಕ್ಷಣದಿಂದಲೇ ಬ್ಯಾಗು ತುಂಬತೊಡಗಿದಳು. ತಿಪ್ಪೇರುದ್ರ ಮಾತ್ರ ಅಂದು ಊಟ ಸರಿಯಾಗಿ ಮಾಡಲಿಲ್ಲ.

ಈಗ ಉಳಿದದ್ದು ದೋಣಿ ಖಾಲಿ ಮಾಡುವುದು. ತುಂಬಿದ ನೀರನ್ನು ನೆಲಕ್ಕೆ ಚೆಲ್ಲುವ ಕೆಟ್ಟ ಬುದ್ಧಿ ನಮ್ಮ ಜನಕ್ಕಿಲ್ಲ. ಕೆರೆ ತುಂಬಿರಲಿ, ಆಕಾಶವೇ ಬಿದ್ದಿರಲಿ, ನೀರು ನೀರೇ. ಹೆಂಗಸರು ಕೊಡ ತಂದು ತುಂಬಿಕೊಂಡರು. ಕುರಿಗಳು ಕುಡಿದು ಹೋದವು. ಆದರೂ ತಳದಲ್ಲಿ ಮೊಣಕಾಲು ಮಟ್ಟ ಉಳಿಯಿತು. ಆಗ ರಂಗಕ್ಕನೇ ದೋಣಿಯ ಹಿಂಬದಿಯ ಬುಡದಲ್ಲಿ ಒಂದು ರಬ್ಬರ್ ಬಿರಡೆ ಇರುವುದನ್ನು ಪತ್ತೆ ಹಚ್ಚಿದರು. ಕಿತ್ತರೆ ನೀರು ಜುಳುಜುಳು ಹರಿಯಿತು. ಅತ್ತೆ ಅಲ್ಲಿಂದ ಪಕ್ಕದಲ್ಲೇ ಇದ್ದ ತಮ್ಮ ಹಿತ್ತಲಿನ ನಿಂಬೆಗಿಡದವರೆಗೆ ಕಾಲುವೆ ತೋಡಿದರು. ಕೊನೆಯ ಹನಿಯೂ ಗಿಡಕ್ಕೆ ಸೇರಿತು. ಇಷ್ಟು ಚೊಕ್ಕವಾಗಿ ಕೆಲಸ ಮುಗಿದದ್ದಕ್ಕೆ ಎಲ್ಲರೂ ಅತ್ತೆಯನ್ನು ಹೊಗಳಿ ಮನೆಗೆ ಹೋದರು.

ಉದ್ಘಾಟನೆಯ ದಿನ ಕೆರೆಯ ದಡದಲ್ಲಿ ಬಾಳೆಕಂದು, ಮಾವಿನ ತೋರಣ, ಮೈಕು. ದೋಣಿಯಲ್ಲಿ ಮೂವರು: ಮುಂದೆ ಹಾರ ಹಾಕಿಕೊಂಡ ಅಧ್ಯಕ್ಷರು, ನಡುವೆ ಹೊಸ ರುಮಾಲು ಸುತ್ತಿದ ಮಾವ, ಹಿಂದೆ ಹುಟ್ಟು ಹಿಡಿದ ಎರ್ರಿಸ್ವಾಮಿ. ಅವನಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ, ಆದರೆ ಊರಿನಲ್ಲಿ ಲೈಸೆನ್ಸಿರುವ ಡ್ರೈವರ್ ಅವನೊಬ್ಬನೇ. "ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ಬೇಕು" ಎಂದು ಅಧ್ಯಕ್ಷರು ಕರೆದರು. "ಪರೀಕ್ಷೆ ಮಾಡಿದೋರು ಕೂರಂಗಿಲ್ಲ ಸಾರ್, ರೂಲ್ಸು" ಎಂದು ತಿಪ್ಪೇರುದ್ರ ದಡದಲ್ಲೇ ಉಳಿದ. ಪಕ್ಕದಲ್ಲಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಾವ್ಯ, ಆಚೆಗೆ ಅತ್ತೆ, ಶೃತಿ, ನಾನು.

ಜನ ದೋಣಿಯನ್ನು ನೂಕಿದರು. ಚಪ್ಪಾಳೆ ಬಿತ್ತು. ಅಧ್ಯಕ್ಷರ ಕೈಯಲ್ಲಿ ವೈರಿಲ್ಲದ ಮೈಕಿತ್ತು. ಆದ್ದರಿಂದ ಮುಂದೆ ದೋಣಿಯಲ್ಲಿ ಆಡಿದ ಮಾತೆಲ್ಲ ದಡದ ಲೌಡ್‌ಸ್ಪೀಕರಿನಲ್ಲಿ ಇಡೀ ಊರಿಗೆ ಕೇಳಿಸಿತು.

"ಮಹಾಜನಗಳೇ, ಇದು ನಮ್ಮೂರ ಇತಿಹಾಸದಲ್ಲೇ..." ಎಂದು ಅಧ್ಯಕ್ಷರು ಶುರು ಮಾಡಿದರು.

"ಅಧ್ಯಕ್ಷರೇ, ಕಾಲು ತಣ್ಣಗಾಗ್ತೈತೆ" ಎಂದಿತು ಎರ್ರಿಸ್ವಾಮಿಯ ಧ್ವನಿ.

"ನೀರಿನ ಮೇಲೆ ಹೋದ್ರೆ ತಣ್ಣಗಾಗ್ದೆ ಬಿಸಿ ಆಗ್ತೈತೇನಲೇ? ಸುಮ್ನೆ ಹಾಕು. ಮಹಾಜನಗಳೇ..."

"ಅಯ್ಯೋ, ನೀಳ್ಳು ಸಾಮಿ! ಒಳಗೆ ನೀರು ಬರ್ತೈತೆ!"

"ಬರ್ಲಿ ಬಿಡಲೇ" ಎಂದರು ಮಾವ, ಕುರಿಸಂತೆಯಲ್ಲಿ ಕೂತಷ್ಟು ನಿರಾಳವಾಗಿ. "ಮೊನ್ನೆ ಇದರ ಕಂಠಮಟ್ಟ ನೀರಿತ್ತು. ಏನಾದ್ರೂ ಆತಾ? ಇದೆಷ್ಟು, ಪಾದ ಮುಳುಗುವಷ್ಟು. ಅದಕ್ಕೇ ಪಾಸಾಗೈತೆ ಈ ದೋಣಿ."

"ಹೌದ್ಹೌದು" ಎಂದರು ಅಧ್ಯಕ್ಷರು. "ಸರ್ಟಿಫಿಕೇಟ್‌ನಾಗೇ ಐತೆ. ಅಂಚಿನ ತನಕ ತಡ್ಕೊಂತೈತೆ. ಮಹಾಜನಗಳೇ..."

ದಡದಲ್ಲಿ ಕಾವ್ಯ ಮೆಲ್ಲಗೆ ಗಂಡನ ಕಡೆ ತಿರುಗಿದಳು. "ರೀ, ಆ ಬಿರಡೆ ವಾಪಸ್ ಹಾಕಿದ್ರಾ?"

"ಯಾವ ಬಿರಡೆ?" ಎಂದ ತಿಪ್ಪೇರುದ್ರ.

"ಅದಾ? ನಮ್ಮ ತೊಟ್ಟಿಗೆ ಹಾಕೀನಿ" ಎಂದರು ರಂಗಕ್ಕ ಸಂತೋಷದಿಂದ. "ಎಷ್ಟು ವರ್ಷದಿಂದ ಬಟ್ಟೆ ತುರುಕ್ತಿದ್ದೆ ಗೊತ್ತಾ? ಅಳತೆ ತಗೊಂಡು ಮಾಡ್ದಂಗೆ ಕೂತೈತೆ."

ತಿಪ್ಪೇರುದ್ರನ ಮುಖದ ಬಣ್ಣ ಹೆಲ್ಮೆಟ್ಟಿನ ಬಣ್ಣಕ್ಕೆ ಬಂತು. ಒಂದು ಕ್ಷಣ ಅವನು ಕಾ‌ವ್ಯಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡಿದ್ದರೆ ಹೇಗೋ ಏನೋ, ತಪ್ಪನ್ನು ಯಾರ ಮೇಲಾದರೂ ಹಾಕಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಎರಡೂ ಕೈ ಎತ್ತಿ ಕಿರುಚಿದ.

"ಮಾವಾ! ಇಳೀರಿ ಮಾವಾ! ನಾನು ಇನ್‌ಸ್ಪೆಕ್ಟರ್ ಅಲ್ಲ, ಟಾರ್ಚ್ ಹಿಡಿಯೋನು! ನನಗೆ ದೋಣೀನೂ ಗೊತ್ತಿಲ್ಲ, ಏನೂ ಗೊತ್ತಿಲ್ಲ!"

ಕಿರುಚುತ್ತಲೇ ಹೆಲ್ಮೆಟ್ಟು, ಜಾಕೆಟ್ಟು, ಬೂಟಿನ ಸಮೇತ ಕೆರೆಗೆ ನುಗ್ಗಿದ. ಬಾವಿಯ ಕಟ್ಟೆ ಕಂಡರೆ ಕೂರುವವನು ಈ ಸಲ ಕೂರಲಿಲ್ಲ. ಅಷ್ಟರಲ್ಲಿ ಅಲ್ಲಿ ದೋಣಿ ಮುಳುಗುತ್ತಿತ್ತು. ಮುಳುಗುವುದೆಂದರೆ ಅಬ್ಬರವೇನಿಲ್ಲ, ಎಮ್ಮೆ ನೀರಿನಲ್ಲಿ ಕೂತ ಹಾಗೆ ನಿಧಾನವಾಗಿ ಕೂತಿತು. ಮೂವರೂ ಎದ್ದು ನಿಂತರು. ನೀರು ಅವರ ಸೊಂಟಕ್ಕೆ ಬಂದು ನಿಂತಿತು. ಅಧ್ಯಕ್ಷರು ಮೈಕನ್ನು ತಲೆಯ ಮೇಲೆ ಹಿಡಿದಿದ್ದರು. ಅದರಿಂದ ಮಾವನ ಮಾತು ಕೇಳಿಸಿತು.

"ಲೇ ಎರ್ರಿಸ್ವಾಮಿ, ಕಾಲಿಗೆ ಸಿಗ್ತಾ ಐತೆ ನೋಡು. ಇದು ನಮ್ಮ ಶೇಂಗಾ ಹೊಲದ ಬದು. ಈ ಬದು ಒತ್ತುವರಿ ಮಾಡಿದ್ದು ನಿಮ್ಮಪ್ಪ ಅಲ್ವಾ?"

"ಇಪ್ಪುಡಾ ಅದು? ಈಗ್ಯಾಕೆ ಆ ಮಾತು ಸಾಮಿ?"

ಆ ವ್ಯಾಜ್ಯ ಅಲ್ಲೇ ಮುಂದುವರಿಯುತ್ತಿತ್ತು. ಆದರೆ ಅವರನ್ನು ಕಾಪಾಡಲು ಹೊರಟವನು ಹಿಂದೆ ಹೂಳೆತ್ತಿದ್ದ ಗುಂಡಿಯೊಳಗೆ ಕಾಲಿಟ್ಟು ಕಾಣೆಯಾಗಿದ್ದ. ನೀರಿನ ಮೇಲೆ ಬಿಳಿ ಹೆಲ್ಮೆಟ್ಟು ಒಂದೇ ತೇಲಿ ಬಂತು. ಕಾವ್ಯ ಚೀರಿದಳು. ಮಾವ ನಾಲ್ಕು ಹೆಜ್ಜೆಗೆ ಅಲ್ಲಿದ್ದರು. ಉಣ್ಣೆ ಕತ್ತರಿಸುವ ಮೊದಲು ಕುರಿಯನ್ನು ತೊಳೆದು ಮೇಲೆತ್ತುವ ಕೈ ಅದು. ಮುಳುಗು ಹಾಕಿ, ಕೊರಳಪಟ್ಟಿ ಹಿಡಿದು ಅಳಿಯನನ್ನು ಎತ್ತಿ, ಹೆಗಲ ಮೇಲೆ ಹಾಕಿಕೊಂಡು ದಡಕ್ಕೆ ತಂದು ಬೋರಲು ಮಲಗಿಸಿದರು. ನೀರು ಹೊರಡಲೆಂದು ಬೆನ್ನು, ಸೊಂಟ, ಪಕ್ಕೆ ಎಲ್ಲ ಒತ್ತಿದರು. ನೀರು ಹೋದ ಮೇಲೂ ಸ್ವಲ್ಪ ಹೊತ್ತು ಒತ್ತಿದರು.

ತಿಪ್ಪೇರುದ್ರ ಕೆಮ್ಮಿ ಎದ್ದು ಕೂತ.

"ಈಜು ಬರಲ್ವಾ?" ಎಂದರು ಮಾವ.

"ಇಲ್ಲ ಮಾವ."

"ಟಾರ್ಚ್ ಹಿಡಿಯೋದೇನಾ ನಿನ್ ಕೆಲಸ?"

"ಹೂಂ ಮಾವ."

"ಮತ್ಯಾಕೆ ನೀರಿಗೆ ಬಿದ್ದೆ?"

"ನೀವು ಮುಳುಗ್ತಿದ್ರಲ್ಲ ಮಾವ" ಎಂದ. ಅಷ್ಟು ಹೇಳಿ ಅತ್ತುಬಿಟ್ಟ. ನಾನು ಈವರೆಗೆ ಅವನನ್ನು ಎಷ್ಟು ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಆಗ ಮಾತ್ರ ನನ್ನ ಕಣ್ಣೂ ಒದ್ದೆಯಾಯಿತು.

ಅಧ್ಯಕ್ಷರು ಹಾರದಿಂದ ನೀರು ಸೋರಿಸುತ್ತ ಬಂದರು. "ಮೋಸ! ಸುಳ್ಳು ಸರ್ಟಿಫಿಕೇಟು! ನಾನು ಬಿಡಲ್ಲ ಇದನ್ನ!"

ಮಾವ ತಿರುಗಿದರು. "ಶಿವಮೂರ್ತಪ್ಪಾ, ಬಿರಡೆ ಇದ್ದಾಗ ನೋಡಿ ದೋಣಿ ಸೈ ಅಂದಿದ್ದು ನನ್ನ ಅಳಿಯ. ಬಿರಡೆ ಕಿತ್ತೋರನ್ನ ಕೇಳಿ."

"ಯಾರದು ಕಿತ್ತೋರು?" ಎಂದು ಗುಡುಗಿದರು ಅಧ್ಯಕ್ಷರು.

"ನಾನೇ, ಏನೀಗ?" ಎಂದರು ರಂಗಕ್ಕ, ಸೊಂಟಕ್ಕೆ ಕೈಕೊಟ್ಟು. ಅಧ್ಯಕ್ಷರು ಅತ್ತೆಯನ್ನು ನೋಡಿದರು, ಅತ್ತೆಯ ಹಿಂದೆ ಕೊಡ ಹಿಡಿದು ನಿಂತ ಹೆಂಗಸರನ್ನು ನೋಡಿದರು, ಬರುವ ಚುನಾವಣೆಯನ್ನೂ ನೋಡಿರಬೇಕು. "ಮಹಾಜನಗಳೇ" ಎಂದರು, "ಉದ್ಘಾಟನೆ ಯಶಸ್ವಿಯಾಗಿ ನೆರವೇರಿತು."

ಮಾವ ರುಮಾಲು ಹಿಂಡುತ್ತ ಅಳಿಯನನ್ನೇ ನೋಡಿದರು. ತಿಪ್ಪೇರುದ್ರ ತಲೆ ಎತ್ತಲಿಲ್ಲ. ಎಲ್ಲ ಮುಗಿಯಿತೆಂದು ಅವನಿಗೆ ಗೊತ್ತಿತ್ತು. ನಮಗೂ ಹಾಗೇ ಅನ್ನಿಸಿತ್ತು.

"ಕಾವ್ಯ" ಎಂದರು ಮಾವ. "ಈಜು ಬರಲ್ಲ. ಆಳ ಗೊತ್ತಾಗಲ್ಲ. ಯಾರಾದ್ರೂ ಮುಳುಗ್ತಾರೆ ಅಂದ್ರೆ ಹಿಂದೆ ಮುಂದೆ ನೋಡ್ದೆ ನುಗ್ತಾನೆ. ಇಂಥೋನು ಸಮುದ್ರದ ಪಕ್ಕ ಒಬ್ನೇ ಅವ್ನೆ. ಇಷ್ಟು ದಿನ ಬದುಕಿದ್ದೇ ಹೆಚ್ಚು. ನಿನ್ ಬ್ಯಾಗ್ ತಗೊ, ಇವತ್ತೇ ಹೊರಡು."

"ಬ್ಯಾಗ್ ಬೆಳಗ್ಗೇನೇ ಬಸ್‌ಸ್ಟ್ಯಾಂಡಿನ ಹೋಟ್ಲಾಗೆ ಇಟ್ಟು ಬಂದೀನಪ್ಪ" ಎಂದಳು ಕಾವ್ಯ.

ಚಳ್ಳಕೆರೆಯವರೆಗೆ ನಾವೆಲ್ಲ ಹೋದೆವು. ಚಿತ್ರದುರ್ಗದ ಬಸ್ಸು ಬಂತು. ಅಲ್ಲಿಂದ ಅವರು ಮಂಗಳೂರಿಗೆ ಬಸ್ಸು ಹಿಡಿಯಬೇಕು. ಇಬ್ಬರೂ ಹತ್ತಿ ಕೂರುವಷ್ಟರಲ್ಲಿ ಎಲ್ಲಿಗೋ ಹೋಗಿದ್ದ ಮಾವ ಓಡಿ ಬಂದರು. ಅವರ ಹೆಗಲಲ್ಲಿ ಪಂಕ್ಚರ್ ಅಂಗಡಿಯಿಂದ ಗಾಳಿ ತುಂಬಿಸಿ ತಂದ ಟ್ರ್ಯಾಕ್ಟರ್ ಟ್ಯೂಬು. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಯುವವರು ಸೊಂಟಕ್ಕೆ ಹಾಕಿಕೊಳ್ಳುವಂಥದ್ದು. ಬಾಗಿಲಲ್ಲಿ ಹಿಡಿಸದ್ದನ್ನು ಅದುಮಿ ಒಳಗೆ ನೂಕಿದರು.

"ಯಜಮಾನ್ರೇ, ಇದು ಬಸ್ಸು! ಗಾಳಿ ತೆಗೀರಿ, ಇಲ್ದಿದ್ರೆ ಇಳಿಸ್ರಿ" ಎಂದ ಕಂಡಕ್ಟರು.

"ಗಾಳಿ ತೆಗೆದ್ರೆ ನನ್ ಮಗಳೂ ಇಳೀತಾಳೆ" ಎಂದರು ಮಾವ.

ಈ ಮಾತು ಕಿವಿಗೆ ಬಿದ್ದದ್ದೇ ತಡ, ತಿಪ್ಪೇರುದ್ರ ಎದ್ದು ಟ್ಯೂಬನ್ನು ತಲೆಯ ಮೇಲಿಂದ ಹಾಕಿಕೊಂಡು ಸೊಂಟಕ್ಕಿಳಿಸಿ, ಎರಡು ಸೀಟಿನ ಜಾಗದಲ್ಲಿ ಗಟ್ಟಿಯಾಗಿ ಕೂತುಬಿಟ್ಟ. ಕಾವ್ಯ ಉಳಿದ ಅಂಚಿನಲ್ಲಿ ಕೂತು ಅವನ ತೋಳು ಹಿಡಿದುಕೊಂಡಳು. ಬಸ್ಸು ಹೊರಟಿತು.

ಕಂಡಕ್ಟರು ಹತ್ತಿರ ಬಂದು ಟ್ಯೂಬನ್ನೊಮ್ಮೆ ನೋಡಿ, "ಏನ್ ಕೆಲಸ ಇವರದು?" ಎಂದು ಕಾವ್ಯಳನ್ನೇ ಕೇಳಿದನಂತೆ.

"ಹಡಗು ಮುಳುಗದಂಗೆ ನೋಡ್ಕೊಳ್ಳೋದು" ಎಂದಳಂತೆ ಅವಳು.

ಕಂಡಕ್ಟರು ನೆಟ್ಟಗೆ ಡ್ರೈವರಿನ ಹತ್ತಿರ ಹೋಗಿ, "ಅಣ್ಣ, ಸ್ವಲ್ಪ ನಿಧಾನಕ್ಕೆ ಹೊಡಿ" ಎಂದನಂತೆ.